ಕವಿರಾಜಮಾರ್ಗವೂ ಹೊರನಾಡಿನ ನಾವೂ

ರಾಜ್ಯೋತ್ಸವದ ವೇದಿಕೆಯೇರಿದವರು ಕಾವೇರಿ-ಗೋದಾವರಿಗಳ ಹೆಸರೆತ್ತದೆ ಇಳಿಯುವುದು ವಿರಳ. ಕನ್ನಡನಾಡಿಗೆ ಆ ಎರಡು ನದಿಗಳ ಎಲ್ಲೆಯನ್ನು ಹೇಳಿದ ಗ್ರಂಥ ‘ಕವಿರಾಜಮಾರ್ಗ’. ಕ್ರಿ.ಶ. 850ರ ಸುಮಾರಿನಲ್ಲಿ ರಚಿತವಾದ ಇದು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದು. ಆದರೆ ಅದು ಹುಟ್ಟಿದ್ದು ನಾಡಿನ ಎಲ್ಲೆಯನ್ನು ಸಾರುವುದಕ್ಕಲ್ಲ; ಬರೆಯುವವನು ತನ್ನ ಕೃತಿಯನ್ನು ಒರೆಗೆ ಹಚ್ಚುವ ಬಗೆಯನ್ನು ಕಲಿಸುವುದಕ್ಕೆ. ಈ ಎರಡನೆಯ ಸಂಗತಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಗ್ರಂಥದ ಕಾಲ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನದು. ಅವನ ರಾಜಧಾನಿ ಮಾನ್ಯಖೇಟ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅರಸನೇ ಇದನ್ನು ಬರೆದನೆಂಬ ನಂಬಿಕೆ ಬಹುಕಾಲವಿದ್ದಿತು. ಅವನ ಆಸ್ಥಾನದ ಶ್ರೀವಿಜಯನೇ ಕರ್ತೃವೆಂಬುದು ಇಂದು ಹೆಚ್ಚಿನ ವಿದ್ವಾಂಸರ ಮತ. 1898ರಲ್ಲಿ ಇದನ್ನು ಸಂಪಾದಿಸಿ ಅಚ್ಚಿಗೆ ಕೊಟ್ಟ ಕೆ. ಬಿ. ಪಾಠಕರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು.

ನೌಪಾಡಾದ ನಮಗೂ ನೃಪತುಂಗನಿಗೂ ಏನು ನಂಟು ಎಂದು ಯಾರಾದರೂ ಕೇಳಬಹುದು. ಯೇವೂರಿನ ಕಾಡುಬೆಟ್ಟಗಳಾಚೆ ಕಾನ್ಹೇರಿಯ ಗುಹೆಗಳಿವೆಯಷ್ಟೆ. ಅಲ್ಲಿನ ಶಕ 765ರ, ಎಂದರೆ ಕ್ರಿ.ಶ. 843ರ, ಶಾಸನವು ಅಮೋಘವರ್ಷನನ್ನು ಚಕ್ರವರ್ತಿಯೆಂದೂ ಶಿಲಾಹಾರ ಪುಲ್ಲಶಕ್ತಿಯನ್ನು ಕೊಂಕಣವಾಳುವ ಅವನ ಸಾಮಂತನೆಂದೂ ಹೇಳುತ್ತದೆ. ಮುಂದೆ ಇದೇ ಶಿಲಾಹಾರರಿಗೆ ನಮ್ಮ ಠಾಣೆ ರಾಜಧಾನಿಯಾಯಿತು. ಆದರೆ ಶಾಸನದ ಭಾಷೆ ಸಂಸ್ಕೃತ. ಆದಕಾರಣ ಇಲ್ಲಿ ಕನ್ನಡವೇ ಮೆರೆಯುತ್ತಿತ್ತೆಂದು ಹಿಗ್ಗಿ ಹೇಳಲು ಅದನ್ನು ಆಧಾರವಾಗಿ ಹಿಡಿಯಲಾಗದು. ಅಭಿಮಾನಕ್ಕೂ ಒರೆಗಲ್ಲು ಬೇಕಷ್ಟೆ.

ಗ್ರಂಥದಲ್ಲಿ ಮೂರು ಪರಿಚ್ಛೇದಗಳಿವೆ. ಅಲಂಕಾರಗಳಿಗೆ ಮೀಸಲಾದವು ಎರಡನೆಯದು, ಮೂರನೆಯದು. ಮೊದಲನೆಯದರ ವಿಷಯವೇ ಕಾವ್ಯದ ದೋಷಗಳು. ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿದರೂ ಕವಿ ಕನ್ನಡದ ಜಾಯಮಾನವನ್ನು ಮರೆತಿಲ್ಲ. ಸಂಸ್ಕೃತ ಕನ್ನಡಗಳನ್ನು ವಿವೇಚನೆಯಿಲ್ಲದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಎಚ್ಚರಿಸುತ್ತಾನೆ. ಕನ್ನಡಿಗರನ್ನು ಹೊಗಳುವಾಗಲೂ ಅವನ ದೃಷ್ಟಿ ಇದೇ. ಓದದವರೂ ಇಲ್ಲಿ ಕಾವ್ಯವನ್ನು ಬಲ್ಲರು. ಶಾಸ್ತ್ರವರಿಯದವರೂ ದೋಷದ ತಾಣ ಸಿಕ್ಕೊಡನೆ ಹಿಡಿದು ತೋರಿಸುವರು. ಆದರೆ ಬರೆದವನಿಗೆ ತನ್ನ ದೋಷ ಕಾಣದು, ಕಣ್ಣಿಗೆ ತಾನು ಹಚ್ಚಿಕೊಂಡ ಕಾಡಿಗೆ ಕಾಣದಿರುವಂತೆ! ಸಾವಿರದ ಇನ್ನೂರು ವರ್ಷಗಳ ಸಮೀಪಕ್ಕೆ ಬಂದ ಈ ಮಾತಿಗಿಂತ ಹಿತವಾದ ಬುದ್ಧಿವಾದ ಬರೆಯುವವರಿಗೆ ಬೇರೊಂದಿಲ್ಲವೆಂದು ನಮ್ಮ ಭಾವನೆ.

ಹೊರನಾಡಿನಲ್ಲಿರುವ ನಮ್ಮನ್ನು ಕಾಡುವ ದೋಷ ಬೇರೆ ಬಗೆಯದು. ನಾಟಕದಲ್ಲಿ ಮಾತು ತಪ್ಪಿದರೂ, ಕವನದಲ್ಲಿ ಲಯ ಕೆಟ್ಟರೂ “ಪರಸ್ಥಳದಲ್ಲಿ ಇಷ್ಟಾದರೂ ಆಯಿತಲ್ಲ” ಎಂದು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಇದು ಪ್ರೀತಿಯಿಂದಲೇ ಆಗುವಂಥದು. ಆದರೆ ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಓದುವ ನಮ್ಮ ಮಕ್ಕಳು ಆ ಭಾಷೆಗಳ ಉತ್ತಮ ಕೃತಿಗಳನ್ನು ಕಾಣುತ್ತಾರೆ. ಕನ್ನಡವನ್ನು ಮಾತ್ರ ನಮ್ಮ ರಿಯಾಯಿತಿಯ ಚಪ್ಪಾಳೆಯಲ್ಲಿ ಕಾಣುತ್ತಾರೆ. ನಮ್ಮ ನುಡಿ ಇಷ್ಟೇ ಎಂದು ಅವರು ಎಣಿಸಿದರೆ ತಪ್ಪು ಯಾರದು?

ಬ್ಯಾಂಕಿನಲ್ಲಿ ನಮೂದು ಮಾಡಿದವನೇ ಅದನ್ನು ಮಂಜೂರು ಮಾಡುವಂತಿಲ್ಲ. ಇನ್ನೊಬ್ಬರು ತಾಳೆ ನೋಡಲೇಬೇಕು. ಅದರಲ್ಲಿ ಅವಿಶ್ವಾಸವೇನೂ ಇಲ್ಲ, ಕಣ್ಣಿನ ಸ್ವಭಾವವನ್ನು ಬಲ್ಲವರು ಮಾಡಿಟ್ಟ ಕಟ್ಟಳೆ ಅದು. ಹತ್ತು ರೂಪಾಯಿಗೆ ಸಲ್ಲುವ ಈ ಎಚ್ಚರಿಕೆ ಹತ್ತು ಸಾಲಿನ ಕವನಕ್ಕೂ ಸಲ್ಲಬೇಡವೇ?

ಯಾರ ಕನ್ನಡವನ್ನು ಅಳತೆಗೋಲಾಗಿ ಹಿಡಿಯೋಣ ಎಂಬ ಪ್ರಶ್ನೆ ಏಳುವುದು ಸಹಜ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳ ನಡುವಿನ ನುಡಿಯೇ ಕನ್ನಡದ ತಿರುಳೆಂದ ಕವಿಯೇ, ದೇಸಿಗಳು ಬೇರೆಬೇರೆಯಾದುದರಿಂದ ಕನ್ನಡಗಳ ದೋಷಗಳನ್ನೆಲ್ಲ ಎಣಿಸಹೊರಟರೆ ವಾಸುಕಿಯೂ ಬೇಸತ್ತಾನು ಎಂದೂ ಒಪ್ಪಿಕೊಂಡಿದ್ದಾನೆ. ನಮ್ಮ ಸಭೆಯಲ್ಲಂತೂ ಧಾರವಾಡ, ಮಂಗಳೂರು, ಮೈಸೂರು, ಕಾರವಾರಗಳ ಮಾತು ಒಂದೇ ಸಾಲಿನಲ್ಲಿ ಕುಳಿತಿರುತ್ತದೆ. ಇದು ನಮ್ಮ ಕೊರತೆಯಲ್ಲ, ಭಾಗ್ಯ. ಧಾರವಾಡದವರು ಬರೆದುದನ್ನು ಮಂಗಳೂರಿನವರು ಓದಲಿ; ಮೈಸೂರಿನವರ ನಾಟಕವನ್ನು ಕಾರವಾರದವರು ತಿದ್ದಲಿ; ಅರ್ಥವಾಗದ ಕಡೆ ಮಕ್ಕಳು ನಿಸ್ಸಂಕೋಚವಾಗಿ ಕೈಯೆತ್ತಲಿ. ಓದದವರೂ ದೋಷವನ್ನು ಗುರುತಿಸಬಲ್ಲರೆಂದು ನಂಬಿದ ಕವಿಯ ನಾಡಿನವರು ನಾವು. ಮುಂದಿನ ವರ್ಷದ ಸಂಚಿಕೆಗೆ ಬರುವ ಪ್ರತಿಯೊಂದು ಲೇಖನವೂ ಅಚ್ಚಿಗೆ ಮುನ್ನ ಇಂಥ ಎರಡು ಕಣ್ಣುಗಳನ್ನಾದರೂ ದಾಟಿ ಬರಲಿ. ಆಗ ತಟ್ಟುವ ಚಪ್ಪಾಳೆಗೆ ತೂಕವಿರುತ್ತದೆ.