ದಸ್ತಗಿರಿ ಸಮಯದಲ್ಲಿ ಪೊಲೀಸ್ ಅಧಿಕಾರಿಯ ಗುರುತು: ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಕರ್ತವ್ಯದಲ್ಲಿರುವ ಪೊಲೀಸ್ ಅಧಿಕಾರಿಯು ಮುಖ ಮುಚ್ಚಿಕೊಳ್ಳಬಾರದೆಂದು ನೇರವಾಗಿ ನಿಷೇಧಿಸುವ ಪ್ರತ್ಯೇಕ ಕಾನೂನು ಭಾರತದಲ್ಲಿ ಇರುವುದಿಲ್ಲ. ಆದರೆ ದಸ್ತಗಿರಿ ಮಾಡುವ ಪ್ರತಿಯೊಬ್ಬ ಪೊಲೀಸ್ ಅಧಿಕಾರಿಯು ತನ್ನ ಹೆಸರನ್ನು ನಿಖರವಾಗಿ, ಎದ್ದು ಕಾಣುವಂತೆ ಮತ್ತು ಸ್ಪಷ್ಟವಾಗಿ ಧರಿಸಿರತಕ್ಕದ್ದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 36 ವಿಧಿಸುತ್ತದೆ. ಈ ಸಂಹಿತೆಯು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದಕ್ಕೆ ಮುನ್ನ ಇದೇ ಉಪಬಂಧವು ದಂಡ ಪ್ರಕ್ರಿಯಾ ಸಂಹಿತೆಯ ಕಲಂ 41ಬಿ ರೂಪದಲ್ಲಿ 2010ರ ನವೆಂಬರ್ 1ರಿಂದ ಜಾರಿಯಲ್ಲಿತ್ತು.

ಈ ನಿಯಮದ ಮೂಲವು ಡಿ.ಕೆ. ಬಸು ವಿರುದ್ಧ ಪಶ್ಚಿಮ ಬಂಗಾಳ ರಾಜ್ಯ ಪ್ರಕರಣದಲ್ಲಿ ಮಾನ್ಯ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 18ರಂದು ನೀಡಿದ ತೀರ್ಪಿನಲ್ಲಿದೆ. ತೀರ್ಪಿನ ವ್ಯಾಪ್ತಿಯು ಕಲಂ 36ಕ್ಕಿಂತ ವಿಸ್ತಾರವಾದುದು. ಕಲಂ ಹೆಸರನ್ನು ಮಾತ್ರ ಹೇಳಿದರೆ, ತೀರ್ಪು ಹೆಸರಿನೊಂದಿಗೆ ಪದನಾಮವನ್ನೂ ಕೇಳುತ್ತದೆ. ದಸ್ತಗಿರಿ ಮಾಡುವವರಿಗೆ ಮಾತ್ರವಲ್ಲದೆ ವಿಚಾರಣೆ ನಡೆಸುವವರಿಗೂ ಅನ್ವಯಿಸುತ್ತದೆ. ವಿಚಾರಣೆ ನಡೆಸಿದ ಸಿಬ್ಬಂದಿಯ ವಿವರಗಳನ್ನು ವಹಿಯಲ್ಲಿ ದಾಖಲಿಸಬೇಕೆಂದೂ ಸೂಚಿಸುತ್ತದೆ. ಇದನ್ನು ಪಾಲಿಸದ ಅಧಿಕಾರಿಯು ಇಲಾಖಾ ಕ್ರಮಕ್ಕೆ ಮಾತ್ರವಲ್ಲದೆ ನ್ಯಾಯಾಂಗ ನಿಂದನೆಗೂ ಗುರಿಯಾಗುತ್ತಾನೆ. ಸಮವಸ್ತ್ರದ ಮೇಲೆ ಸಿ.ಪಿ.ಸಿ. ಸಂಖ್ಯೆ ಇದ್ದ ಮಾತ್ರಕ್ಕೆ ಹೆಸರು ಇದ್ದಂತಾಗುವುದಿಲ್ಲ. ಮಫ್ತಿಯಲ್ಲಿ ಬಂದವರಿಗೆ ಕಲಂ 36 ಯಾವ ವಿನಾಯಿತಿಯನ್ನೂ ನೀಡಿರುವುದಿಲ್ಲ.

ಹೆಸರು ಕಂಡರೆ ಸಾಕೇ, ಮುಖವೂ ಕಾಣಬೇಕೇ ಎಂಬ ಪ್ರಶ್ನೆ ಸಹಜ. ಕೋವಿಡ್ ಹರಡಿದ್ದ 2020 ಮತ್ತು 2021ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಮುಖಗವಸು ಕಡ್ಡಾಯವಾಗಿದ್ದು, ಪೊಲೀಸರೂ ಅದನ್ನು ಧರಿಸಿದ್ದರು. ಆಗ ಎದೆಯ ಮೇಲಿನ ನಾಮಫಲಕವೇ ಗುರುತಿಗೆ ಉಳಿದಿದ್ದ ಆಧಾರ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಕಾನೂನು ಜಾರಿ ಅಧಿಕಾರಿಗಳು ಕರ್ತವ್ಯದಲ್ಲಿ ಮುಖ ಮುಚ್ಚಿಕೊಳ್ಳುವುದನ್ನು ನಿರ್ಬಂಧಿಸುವ ಕಾಯ್ದೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಮಾಡಿತು. ಅಲ್ಲಿನ ಕೇಂದ್ರ ಸರ್ಕಾರವು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಮುಖ ಮರೆಮಾಡುವುದಕ್ಕೆ ಅಧಿಕಾರಿಗಳ ಸುರಕ್ಷತೆಯ ಕಾರಣವನ್ನು ನೀಡಲಾಗುತ್ತದೆ. ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ 2005ರ ಫೆಬ್ರವರಿಯಲ್ಲಿ ನಕ್ಸಲೀಯರು ಕೆ.ಎಸ್.ಆರ್.ಪಿ. ಶಿಬಿರದ ಮೇಲೆ ದಾಳಿ ಮಾಡಿ ಪೊಲೀಸ್ ಸಿಬ್ಬಂದಿಯನ್ನು ಹತ್ಯೆ ಮಾಡಿದ್ದನ್ನು ಕಂಡ ಈ ಭಾಗದಲ್ಲಿ ಆ ಕಾರಣವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದಾಗ್ಯೂ ಒಬ್ಬ ನಾಗರಿಕನನ್ನು ಮನೆಯಿಂದ ಕರೆದೊಯ್ಯುವಾಗ ಕರೆದೊಯ್ದವರು ಯಾರೆಂದು ಮನೆಯವರಿಗೆ ತಿಳಿದಿರಬೇಕೆಂಬುದೇ ಕಲಂ 36ರ ಉದ್ದೇಶ.

ಪಾವಗಡ ತಾಲ್ಲೂಕು ಬಹುಭಾಗ ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿದೆ; ಮಧುಗಿರಿ ಮತ್ತು ಶಿರಾ ತಾಲ್ಲೂಕುಗಳೂ ಆ ರಾಜ್ಯದ ಗಡಿಗೆ ಹೊಂದಿಕೊಂಡಿವೆ. ವಾರಂಟ್ ಇಲ್ಲದೆ ದಸ್ತಗಿರಿ ಮಾಡಲು ಅಧಿಕಾರವುಳ್ಳ ಪೊಲೀಸ್ ಅಧಿಕಾರಿಯು ಆರೋಪಿಯನ್ನು ಭಾರತದ ಯಾವುದೇ ಸ್ಥಳಕ್ಕೆ ಬೆನ್ನಟ್ಟಬಹುದೆಂದು ಕಲಂ 45 ಹೇಳುವುದರಿಂದ, ನೆರೆರಾಜ್ಯದ ಪೊಲೀಸರು ಇಲ್ಲಿಗೆ ಬರುವುದು ಕಾನೂನುಬಾಹಿರವಲ್ಲ. ಅವರಿಗೂ ಕಲಂ 36 ಅನ್ವಯಿಸುತ್ತದೆ. ವಾರಂಟ್ ಮೇಲೆ ಹೊರಜಿಲ್ಲೆಯಲ್ಲಿ ದಸ್ತಗಿರಿ ಮಾಡಿದಲ್ಲಿ, ಆ ಜಿಲ್ಲೆಯ ನಿಯೋಜಿತ ಪೊಲೀಸ್ ಅಧಿಕಾರಿಗೂ ಬಂಧಿತನು ಸಾಮಾನ್ಯವಾಗಿ ವಾಸಿಸುವ ಜಿಲ್ಲೆಯ ನಿಯೋಜಿತ ಅಧಿಕಾರಿಗೂ ಕೂಡಲೇ ಮಾಹಿತಿ ನೀಡಬೇಕೆಂದು ಕಲಂ 82 ಹೊಸದಾಗಿ ಸೇರಿಸಿದೆ. ಆದುದರಿಂದ ಗಡಿಯಾಚೆಗೆ ಕರೆದೊಯ್ಯಲಾದ ವ್ಯಕ್ತಿಯ ವಿವರವನ್ನು ಕುಟುಂಬದವರು ಮೊದಲು ತಮ್ಮ ಠಾಣೆಯಲ್ಲಿಯೇ ವಿಚಾರಿಸಬಹುದು. ಪ್ರಯಾಣದ ಅವಧಿಯನ್ನು ಹೊರತುಪಡಿಸಿ 24 ಗಂಟೆಗಳೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ನಿಯಮ (ಕಲಂ 58) ಎಲ್ಲ ಸಂದರ್ಭಗಳಿಗೂ ಇದೆ.

ದಸ್ತಗಿರಿ ಜ್ಞಾಪನಕ್ಕೆ ಕುಟುಂಬದ ಒಬ್ಬ ಸದಸ್ಯ ಅಥವಾ ಸ್ಥಳೀಯ ಗೌರವಾನ್ವಿತ ವ್ಯಕ್ತಿ ಸಾಕ್ಷಿಯಾಗಿ ಸಹಿ ಮಾಡತಕ್ಕದ್ದು; ಬಂಧಿತನು ಮೇಲುರುಜು ಮಾಡತಕ್ಕದ್ದು. ಸಹಿ ಮಾಡುವ ಮುನ್ನ ಪತ್ರವನ್ನು ಓದಿಸಿಕೊಳ್ಳುವುದು, ಅಧಿಕಾರಿಯ ಹೆಸರು, ಪದನಾಮ ಮತ್ತು ಠಾಣೆಯನ್ನು ಕೇಳಿ ಬರೆದಿಟ್ಟುಕೊಳ್ಳುವುದು ಅವಶ್ಯ. ಅವಸರದಲ್ಲಿ ಬಹುತೇಕ ಕುಟುಂಬಗಳು ಬಿಟ್ಟುಬಿಡುವುದು ಇದನ್ನೇ. ಬಂದವರು ನಿಜವಾಗಿ ಪೊಲೀಸರೇ ಎಂಬ ಸಂಶಯವಿದ್ದಲ್ಲಿ 112ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಬಹುದು. ಸರ್ಕಾರಿ ನೌಕರನಂತೆ ನಟಿಸುವುದು ಹಾಗೂ ಮೋಸದ ಉದ್ದೇಶದಿಂದ ಅಂತಹ ಉಡುಪು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 204 ಮತ್ತು 205ರ ಅಡಿಯಲ್ಲಿ ಅಪರಾಧ. ನಾಮಫಲಕವಿಲ್ಲವೆಂಬ ಕಾರಣಕ್ಕೆ ದಸ್ತಗಿರಿಯನ್ನು ಬಲಪ್ರಯೋಗದಿಂದ ತಡೆಯಲು ಹೋಗಬಾರದು. ಕಾನೂನುಬದ್ಧ ದಸ್ತಗಿರಿಯನ್ನು ಪ್ರತಿರೋಧಿಸುವುದು ಪ್ರತ್ಯೇಕ ಅಪರಾಧವಾಗುತ್ತದೆ.

ದಸ್ತಗಿರಿಯಾದವರ ಹೆಸರು, ವಿಳಾಸ ಮತ್ತು ಆರೋಪದ ಸ್ವರೂಪವನ್ನು ನಿರ್ವಹಿಸಲು ಪ್ರತಿ ಠಾಣೆಯಲ್ಲಿ ಸಹಾಯಕ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಇರತಕ್ಕದ್ದು ಮತ್ತು ಆ ಮಾಹಿತಿಯನ್ನು ಠಾಣೆಯಲ್ಲಿ ಪ್ರದರ್ಶಿಸತಕ್ಕದ್ದು (ಕಲಂ 37). ಗುರುತು ಮರೆಮಾಡಿದ ಬಗ್ಗೆ ದೂರನ್ನು ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಲಿಖಿತವಾಗಿ ಸಲ್ಲಿಸಬಹುದು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಘಟನೆ ನಡೆದ ದಿನದಿಂದ ಒಂದು ವರ್ಷದೊಳಗೆ ದೂರು ನೀಡತಕ್ಕದ್ದು. ಠಾಣೆಯ ಸಿ.ಸಿ.ಟಿ.ವಿ. ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಾಗದಿದ್ದಲ್ಲಿ ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 2ರಂದು ಆದೇಶಿಸಿದೆ. ಮುಖ ಅಥವಾ ಹೆಸರು ಕಾಣದಿದ್ದ ಪ್ರಕರಣಗಳಲ್ಲಿ ಈ ದೃಶ್ಯಗಳೇ ಮುಖ್ಯ ಸಾಕ್ಷ್ಯವಾಗಬಹುದಾದ್ದರಿಂದ, ಅವುಗಳನ್ನು ಕಾಯ್ದಿರಿಸುವಂತೆ ದೂರಿನಲ್ಲಿಯೇ ದಿನಾಂಕ ಮತ್ತು ಸಮಯ ಸಹಿತ ಕೋರುವುದು ಸೂಕ್ತ. ದೂರು ಬರೆಯಲು ನೆರವು ಬೇಕಾದವರು ಆಯಾ ತಾಲ್ಲೂಕಿನ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ ಸಹಾಯವಾಣಿ 15100 ಅನ್ನು ಸಂಪರ್ಕಿಸಬಹುದು.