ಕುಟುಂಬ ಆರೋಗ್ಯ ವಿಮೆಯ ವೆಚ್ಚ

ಮನೆಯವರ ಆಸ್ಪತ್ರೆ ಖರ್ಚಿಗೆಂದು ವರ್ಷಕ್ಕೊಮ್ಮೆ ಮುಂಗಡ ಕಟ್ಟುವ ಕಂತು, ವಿಮೆ ಇದ್ದೂ ಕೈಯಿಂದ ತೆರಬೇಕಾಗುವ ಹಣ, ಇವೆರಡೂ ಸೇರಿದ ಮೊತ್ತವೇ ಕುಟುಂಬ ಆರೋಗ್ಯ ವಿಮೆಯ ವೆಚ್ಚ. ಭಾರತದಲ್ಲಿ ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳು ಮೆಡಿಕ್ಲೇಮ್ ಪಾಲಿಸಿಯನ್ನು 1986ರಲ್ಲಿ ತಂದವು. ಈಗ ಹೆಚ್ಚು ರೂಢಿಯಲ್ಲಿರುವುದು ಫ್ಯಾಮಿಲಿ ಫ್ಲೋಟರ್: ಗಂಡ, ಹೆಂಡತಿ, ಮಕ್ಕಳಿಗೆಲ್ಲ ಒಂದೇ ವಿಮಾ ಮೊತ್ತ, ಕಾಯಿಲೆ ಬಿದ್ದವರು ಅದರಿಂದ ಬಳಸಿಕೊಳ್ಳುತ್ತಾರೆ. ಇದರ ಕಂತು ಸಾಮಾನ್ಯವಾಗಿ ಪಾಲಿಸಿಯಲ್ಲಿರುವ ಹಿರಿಯರ ವಯಸ್ಸನ್ನು ಹಿಡಿದು ನಿಗದಿಯಾಗುತ್ತದೆ. ಮೂವತ್ತರ ದಂಪತಿಯ ಜೊತೆ ಎಪ್ಪತ್ತರ ತಂದೆಯನ್ನು ಸೇರಿಸಿದರೆ ಇಡೀ ಮನೆಯ ಲೆಕ್ಕ ಎಪ್ಪತ್ತರ ದರಕ್ಕೆ ಏರುತ್ತದೆ. ಹಿರಿಯರಿಗೆ ಬೇರೆಯೇ ಪಾಲಿಸಿ ಮಾಡಿಸುವ ವಾಡಿಕೆ ಬಂದದ್ದು ಇದರಿಂದಲೇ. ಹೀಗೆ ನೋಡಿದರೆ, ವಿಮೆ ದುಬಾರಿಯೋ ಅಗ್ಗವೋ ಎಂಬುದು ಆ ಮನೆಯವರ ಕಾಯಿಲೆಗಿಂತ ಹೆಚ್ಚಾಗಿ, ಅವರನ್ನು ಯಾರ ಜೊತೆ ಗುಂಪುಗೂಡಿಸಿ ಲೆಕ್ಕ ಹಾಕಲಾಗಿದೆ ಎಂಬುದನ್ನು ಅವಲಂಬಿಸಿದೆ.

ಇದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ನಿದರ್ಶನವಿದೆ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರನ್ನೇ ಒಂದು ಗುಂಪಾಗಿ ಮಾಡಿಕೊಂಡಿತು. ಆಗ ತಲೆಗೆ ವರ್ಷಕ್ಕೆ 60 ರೂಪಾಯಿ. 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಆರಂಭವಾದಾಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ 500, ನಗರದ ಕುಟುಂಬಕ್ಕೆ 1,000 ರೂಪಾಯಿ ನಿಗದಿಯಾಯಿತು; ಚಿಕಿತ್ಸೆಯ ಮಿತಿ 5 ಲಕ್ಷ. ನೌಕರರ ರಾಜ್ಯ ವಿಮೆಯದು (ಇಎಸ್ಐ) ಇನ್ನೊಂದು ಬಗೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಅದರಲ್ಲಿ ಶೇ. 0.75, ಮಾಲೀಕರು ಶೇ. 3.25 ಕಟ್ಟುತ್ತಾರೆ. ಗರಿಷ್ಠ ಸಂಬಳದವರ ಪಾಲು ತಿಂಗಳಿಗೆ 157.50 ರೂಪಾಯಿ. ಕಾರ್ಮಿಕರ ವಯಸ್ಸು ಇಪ್ಪತ್ತೈದೋ ಐವತ್ತೈದೋ ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

ಯಶಸ್ವಿನಿಯ ದರಕ್ಕೆ ಸರ್ಕಾರದ ನೆರವೂ, ಆಸ್ಪತ್ರೆಗಳು ಒಪ್ಪಿಕೊಂಡ ಸ್ಥಿರ ಪ್ಯಾಕೇಜ್ ದರಗಳೂ ಕಾರಣ, ಅದನ್ನು ಮಾರುಕಟ್ಟೆಯ ಪಾಲಿಸಿಯೊಂದಿಗೆ ಹೋಲಿಸುವುದು ಸಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಮೊದಲೇ ದರ ಗೊತ್ತುಮಾಡಿಸುವ ಬಲ ದೊಡ್ಡ ಗುಂಪಿಗೇ ಬರುವುದು. ಒಬ್ಬಂಟಿ ಗಿರಾಕಿಗೆ ಆಸ್ಪತ್ರೆ ಹೇಳಿದ್ದೇ ದರ. ಒಬ್ಬೊಬ್ಬರನ್ನೇ ಹುಡುಕಿ ಪಾಲಿಸಿ ಮಾರುವುದಕ್ಕೂ ಖರ್ಚಿದೆ: ಏಜೆಂಟರ ಕಮಿಷನ್, ಜಾಹೀರಾತು, ತಪಾಸಣೆ. 2023-24ರಲ್ಲಿ ಆರೋಗ್ಯ ವಿಮೆಯನ್ನಷ್ಟೇ ಮಾಡುವ ಕಂಪನಿಗಳು ಬಂದ ಕಂತಿನ ಪ್ರತಿ ನೂರು ರೂಪಾಯಿಗೆ ಸುಮಾರು 65 ರೂಪಾಯಿಯನ್ನು ಕ್ಲೇಮುಗಳಿಗೆ ಕೊಟ್ಟವು. ಸರ್ಕಾರಿ ಕಂಪನಿಗಳದು ನೂರನ್ನೂ ದಾಟಿತ್ತು. ಅದು ಬಹುಕಾಲ ನಡೆಸಬಹುದಾದ ಲೆಕ್ಕವಲ್ಲ ಎಂಬುದೂ ಸರಿಯೇ. ಇನ್ನು, ಆರೋಗ್ಯವಂತ ಯುವಕರು ಮುದುಕರ ಖರ್ಚನ್ನೇಕೆ ಹೊರಬೇಕು ಎನ್ನುವವರಿದ್ದಾರೆ. ವಯಸ್ಸಿಗೆ ತಕ್ಕ ದರವೇ ನ್ಯಾಯ ಎಂದು ಒಪ್ಪಿದರೆ, ಸಂಪಾದನೆ ನಿಂತು ಆಸ್ಪತ್ರೆಯ ಓಡಾಟ ಹೆಚ್ಚುವ ಹೊತ್ತಿಗೇ ಕಂತು ಕೈಗೆಟುಕದಂತಾಗುತ್ತದೆ. 2025ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವ ಮುನ್ನ ತನ್ನೊಡನೆ ಸಮಾಲೋಚಿಸಬೇಕೆಂದು ಕಂಪನಿಗಳಿಗೆ ಸೂಚಿಸಿದ್ದು ಈ ಬಿಕ್ಕಟ್ಟಿನಿಂದಾಗಿಯೇ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳ ಮೇಲಿನ ಶೇ. 18 ಜಿಎಸ್‌ಟಿ ರದ್ದಾಗಿದೆ. 30,000 ರೂಪಾಯಿ ಕಂತಿಗೆ ತೆರಬೇಕಿದ್ದ 5,400 ರೂಪಾಯಿ ತೆರಿಗೆ ಹೋಯಿತು. ಆದರೆ ರಸೀದಿಯಲ್ಲಿ ಕಾಣದ ವೆಚ್ಚ ಹಾಗೇ ಉಳಿದಿದೆ. ಕೆಲವು ಪಾಲಿಸಿಗಳಲ್ಲಿ ಕೊಠಡಿ ಬಾಡಿಗೆಗೆ ಮಿತಿಯಿರುತ್ತದೆ. ಮಿತಿ 5,000 ಇದ್ದು 10,000 ರೂಪಾಯಿಯ ಕೊಠಡಿ ಹಿಡಿದರೆ ಬಾಡಿಗೆಯಲ್ಲಿ ಅರ್ಧ ಕೈಬಿಡುವುದಷ್ಟೇ ಅಲ್ಲ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕದಂಥವೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು. ಕಡಿಮೆ ಕಂತಿನ ಪಾಲಿಸಿ ಎಷ್ಟಕ್ಕೆ ಬಿತ್ತು ಎಂಬುದು ಮನೆಯವರಿಗೆ ಗೊತ್ತಾಗುವುದು ಡಿಸ್ಚಾರ್ಜ್ ದಿನದ ಬಿಲ್ಲಿನಲ್ಲಿ.