ಹೂ ಕಟ್ಟುವ ದಾರದ ಅಳತೆ

ನಮ್ಮ ಮನೆಯ ಅಟ್ಟದ ಮೇಲೆ ಮಗಳು ಹೈಸ್ಕೂಲಿನಲ್ಲಿದ್ದಾಗ ಕೊಂಡ ಒಂದು ಗ್ಲೋಬ್ ಇತ್ತು. 1998ರಲ್ಲಿ ಅವಳು ಮದುವೆಯಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟುಹೋದ ಮೇಲೆ ಅದನ್ನು ಕೆಳಗಿಳಿಸಿದೆ. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದನ್ನು ಅವಳ ಊರಿನ ಮೇಲೂ ಒತ್ತಿ ಹಿಡಿದೆ. ಚೀನಾ, ಜಪಾನುಗಳ ಮೇಲೆ ಹಾಯಿಸಿದರೆ ದಾರ ಉದ್ದ ಬೇಕಾಗುತ್ತಿತ್ತು. ಬಿಗಿ ಮಾಡಿದಷ್ಟೂ ಅದು ಮೇಲಕ್ಕೆ ಜಾರಿ ಉತ್ತರ ಧ್ರುವದ ಹತ್ತಿರ ಹೋಗಿ ನಿಲ್ಲುತ್ತಿತ್ತು. ಗೋಡೆಯ ನಕಾಶೆಯಲ್ಲಿ ಇದು ಕಾಣುವುದೇ ಇಲ್ಲ ನೋಡಿ. ಮಗಳ ಮನೆಗೆ ಹತ್ತಿರದ ದಾರಿ ಇದ್ದದ್ದು ಭೂಮಿಯ ನೆತ್ತಿಯ ಮೇಲೆ, ಸುಮಾರು 14,000 ಕಿಲೋಮೀಟರು.

ದಾರಕ್ಕೆ ಸುಲಭವಾದದ್ದು ವಿಮಾನಕ್ಕೆ ಸುಲಭವಲ್ಲ. ಸ್ಕ್ಯಾಂಡಿನೇವಿಯದ ವಿಮಾನ ಸಂಸ್ಥೆ 1954ರಲ್ಲೇ ಕೋಪನ್‌ಹೇಗನ್‌ನಿಂದ ಗ್ರೀನ್‌ಲ್ಯಾಂಡಿನ ಮೇಲೆ ಹಾಯ್ದು ಲಾಸ್ ಏಂಜಲೀಸಿಗೆ ಹೋಗಲು ಶುರುಮಾಡಿತ್ತು. ಏಷ್ಯದ ಕಡೆ ಮಾತ್ರ ಸೈಬೀರಿಯದ ಆಕಾಶ ಬಹುಕಾಲ ಪರದೇಶದ ವಿಮಾನಗಳಿಗೆ ಮುಚ್ಚಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಆ ಬಾಗಿಲು ತೆರೆಯತೊಡಗಿತು. ಆದರೂ ಧ್ರುವದ ಹತ್ತಿರ ದಿಕ್ಸೂಚಿಯನ್ನು ನಂಬುವಂತಿಲ್ಲ. ಚಳಿಗೆ ಇಂಧನವೇ ಹೆಪ್ಪುಗಟ್ಟೀತೆಂಬ ಭಯ. ತೊಂದರೆಯಾದರೆ ಇಳಿಯಲು ನಿಲ್ದಾಣಗಳೂ ವಿರಳ.

1999ರಲ್ಲಿ ನಮ್ಮ ಯಜಮಾನರು ತೀರಿಕೊಂಡರು. ಸುದ್ದಿ ಮುಟ್ಟಿದ ಮಗಳು ಎರಡು ಕಡೆ ವಿಮಾನ ಬದಲಿಸಿ ಮುಂಬಯಿಗೆ ಬಂದು, ಅಲ್ಲಿಂದ ಬೆಂಗಳೂರು, ಆಮೇಲೆ ಕಾರಿನಲ್ಲಿ ಹಾಸನ ಸೇರುವಾಗ ಹಾಲುತುಪ್ಪದ ದಿನವಾಗಿತ್ತು. ಅಪ್ಪನ ಮುಖ ಅವಳಿಗೆ ಸಿಗಲಿಲ್ಲ. ಆ ದೂರವನ್ನು ನಾನು ಎಷ್ಟು ಶಪಿಸಿದೆನೋ!

2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ದಾರಿಯಾಗಿ, ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಮೂವರು. ನಾಲ್ವರೂ ಹೆಣ್ಣುಮಕ್ಕಳು! ಟಿ.ವಿ.ಯಲ್ಲಿ ನೋಡುತ್ತಿದ್ದ ನನಗೆ ಆ ಹಳೆಯ ದಾರ ನೆನಪಾಯಿತು. 9ರ ರಾತ್ರಿ ಹೊರಟದ್ದು 11ರ ನಸುಕಿನಲ್ಲಿ ಇಳಿಯಿತು. ನಡುವಿನ 10ನೇ ತಾರೀಕು ಎಲ್ಲಿ ಹೋಯಿತೆಂದು ಹುಡುಕಬೇಡಿ. ಹಾರಿದ್ದು ಹದಿನೇಳು ಗಂಟೆಯ ಮೇಲೆ ಸ್ವಲ್ಪ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ.

2023ರಲ್ಲಿ ಮಗಳು ಆ ನೇರ ವಿಮಾನದಲ್ಲೇ ಬಂದಳು. ರಾತ್ರಿ ಊಟವಾದ ಮೇಲೆ ಬೆರಳು ಮಡಚಿ ಎಣಿಸಿದಳು. "ಹದಿನೇಳು ಗಂಟೆ, ಆಮೇಲೆ ಹಾಸನಕ್ಕೆ ನಾಲ್ಕು. ಆಗ ಈ ವಿಮಾನ ಇದ್ದಿದ್ದರೂ ಅಪ್ಪನನ್ನು ನೋಡೋಕೆ ಆಗ್ತಿರಲಿಲ್ಲ ಅಲ್ವಾ ಅಮ್ಮ?"

ನಿಜ. ಅವರು ಹೋದದ್ದು ಬೆಳಗಿನ ಜಾವ. ಮಧ್ಯಾಹ್ನವೇ ಎಲ್ಲ ಮುಗಿದಿತ್ತು. ಹಿರಿಯರು ಕಾಯಿಸಬಾರದೆಂದರು. ಮಗಳು ಬರಲಿ, ಇರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಇಪ್ಪತ್ತನಾಲ್ಕು ವರ್ಷ ನಾನು ಕಿಲೋಮೀಟರುಗಳನ್ನೇ ದೂರುತ್ತ ಬಂದಿದ್ದೆ.

ಅವತ್ತು ಅದನ್ನು ಅವಳಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಹತ್ತಿರ ಸರಿದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.